ಕುಮಟಾ ಹತ್ತಿ, ಡೆಟ್ರಾಯ್ಟ್ ಕಾರು

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಉತ್ತರದವರ ನೌಕೆಗಳು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದವು. ನ್ಯೂ ಆರ್ಲಿಯನ್ಸ್ ಕಡೆಯಿಂದ ಲಂಕಾಶೈರಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿ ನಿಂತಿತು. ಆ ಯುದ್ಧದಿಂದ ಮುಂಬಯಿಯ ವರ್ತಕರು ಹಣ ಗುಡ್ಡೆ ಹಾಕಿಕೊಂಡ ಕತೆ ಎಲ್ಲರೂ ಕೇಳಿದ್ದೇ. ಅದೇ ಹೊತ್ತಿನಲ್ಲಿ ಕುಮಟಾ ಏನಾಗಿತ್ತು ಎಂಬುದು ಕುಮಟಾದವರಿಗೇ ಈಗ ಅಷ್ಟಾಗಿ ನೆನಪಿಲ್ಲ. ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಹತ್ತಿ ಅಂಡಿಗೆಗಳು ಎತ್ತಿನ ಗಾಡಿಯಲ್ಲಿ, ಹೇರಿನೆತ್ತಿನ ಬೆನ್ನಲ್ಲಿ ಶಿರಸಿಗೆ ಬಂದು, ದೇವಿಮನೆ ಘಟ್ಟ ಇಳಿದು ಕುಮಟಾ ಪೇಟೆ ಸೇರುತ್ತಿದ್ದವು. ಅಲ್ಲಿಂದ ಪತ್ತೇಮಾರಿಗಳಲ್ಲಿ ಮುಂಬಯಿಗೆ, ಮುಂಬಯಿಯಿಂದ ಲಿವರ್‌ಪೂಲಿಗೆ. ಎಷ್ಟರಮಟ್ಟಿಗೆ ಎಂದರೆ, ಬಯಲುಸೀಮೆಯ ಎರೆಮಣ್ಣಿನಲ್ಲಿ ಬೆಳೆದ ಜವಾರಿ ಹತ್ತಿಗೆ ವಿಲಾಯತಿಯ ಪೇಟೆಯಲ್ಲಿ ‘ಕುಮಟಾ’ ಎಂದೇ ಹೆಸರು ಬಿತ್ತು. ಒಂದೇ ಒಂದು ಹತ್ತಿಗಿಡ ಬೆಳೆಯದ, ತೆಂಗು ಅಡಿಕೆ ಭತ್ತದ ಊರಿನ ಹೆಸರು ಹತ್ತಿಯ ತಳಿಗೆ ಅಂಟಿಕೊಂಡು ಕೃಷಿ ಪುಸ್ತಕಗಳಲ್ಲಿ ಉಳಿದಿದೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ಕತ್ತರಿಸಿ ಮುಂಬಯಿ ಪ್ರಾಂತ್ಯಕ್ಕೆ ಹೊಲಿದದ್ದರ ಹಿಂದೆಯೂ ಈ ಹತ್ತಿಯ ಒತ್ತಡವಿತ್ತು. ಬೆಳೆಯುವ ಧಾರವಾಡ ಮುಂಬಯಿಯವರ ಕೈಯಲ್ಲಿ, ಸಾಗಿಸುವ ಬಂದರು ಮದ್ರಾಸಿನವರ ಕೈಯಲ್ಲಿ ಇರುವುದು ಮ್ಯಾಂಚೆಸ್ಟರಿನ ಹತ್ತಿ ಧಣಿಗಳಿಗೆ ಸರಿಬರಲಿಲ್ಲ. ಗೆರೆ ಎಳೆದದ್ದು ಭಟ್ಕಳದ ತೆಂಕಣ ಅಂಚಿನಲ್ಲಿ. ಬೆಳಕೆ, ಗೊರಟೆ ಮುಂಬಯಿಗೆ; ಆಚೆಯ ಶಿರೂರು ಮದ್ರಾಸಿಗೆ. 1956ರವರೆಗೂ ಆ ಗೆರೆ ಹಾಗೆಯೇ ಇತ್ತು.

ಕುಮಟಾದ ಏಳಿಗೆ ಎಷ್ಟು ಬೇಗ ಬಂತೋ ಅಷ್ಟೇ ಬೇಗ ಹೋಯಿತು. ಅಮೆರಿಕದ ಯುದ್ಧ 1865ರಲ್ಲಿ ಮುಗಿದು ಬೆಲೆ ಕುಸಿದದ್ದು ಮೊದಲ ಪೆಟ್ಟು. ಆದರೆ ಅದು ಚೇತರಿಸಿಕೊಳ್ಳಲಾಗದ ಪೆಟ್ಟೇನೂ ಆಗಿರಲಿಲ್ಲ. ಊರನ್ನು ನಿಜವಾಗಿ ಮಲಗಿಸಿದ್ದು ರೈಲು. 1878ರಲ್ಲಿ ಬ್ರಿಟಿಷರಿಗೂ ಗೋವಾ ಆಳುತ್ತಿದ್ದ ಪೋರ್ಚುಗೀಸರಿಗೂ ಒಪ್ಪಂದವಾಯಿತು. 1880ರ ದಶಕ ಮುಗಿಯುವ ಹೊತ್ತಿಗೆ ಹುಬ್ಬಳ್ಳಿ ಕಡೆಯಿಂದ ಲೋಂಡಾ, ಕ್ಯಾಸಲ್‌ರಾಕ್ ಮೇಲೆ ಹಾದು ಗೋವಾದ ಮರ್ಮಗೋವಾ ಬಂದರಿಗೆ ಹಳಿ ಬಿತ್ತು. ಇನ್ನೊಂದು ಕಡೆ ಬೆಳಗಾವಿ, ಪುಣೆ ಮಾರ್ಗವಾಗಿ ಮುಂಬಯಿಗೂ ರೈಲಾಯಿತು. ಕಾರವಾರಕ್ಕೆ ಹುಬ್ಬಳ್ಳಿಯಿಂದ ರೈಲು ಬರುತ್ತದೆಂದು ಎರಡು ದಶಕ ನಡೆದ ಮಾತುಕತೆ ಮಾತಾಗಿಯೇ ಉಳಿಯಿತು. (ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ಈಗಲೂ ಅರಣ್ಯದ ಕಡತಗಳಲ್ಲಿ ಸಿಕ್ಕಿಕೊಂಡಿದೆ. ಕರಾವಳಿಯವರು ಒಂದೂವರೆ ಶತಮಾನದಿಂದ ಕಾಯುತ್ತಿರುವ ಗಾಡಿ ಅದು.) ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಘಟ್ಟದ ಮೇಲೆ ಹತ್ತಿ ಬೆಳೆಯುವುದು ನಿಲ್ಲಲಿಲ್ಲ, ವಿಲಾಯತಿಯಲ್ಲಿ ಕೊಳ್ಳುವುದೂ ನಿಲ್ಲಲಿಲ್ಲ. ಕೋಲಾರದ ಚಿನ್ನದ ಗಣಿಯ ಹಾಗೆ ಇದು ಸರಕು ಮುಗಿದ ಕತೆಯಾಗಿರಲಿಲ್ಲ. 2001ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದಾಗ ಸರ್ಕಾರ ಹೇಳಿದ ಕಾರಣ, ಸಿಗುವ ಚಿನ್ನಕ್ಕಿಂತ ತೆಗೆಯುವ ಖರ್ಚು ಹೆಚ್ಚು ಎಂದು. ಒಪ್ಪಿ ಬಿಡಿ, ಅದಕ್ಕೊಂದು ಲೆಕ್ಕವಾದರೂ ಇತ್ತು. ಕುಮಟಾದಲ್ಲಿ ಸರಕು ಇತ್ತು, ಕೊಳ್ಳುವವರಿದ್ದರು, ದಾರಿ ಮಾತ್ರ ಬೇರೆ ಕಡೆ ತಿರುಗಿತು. ತಿರುಗಿಸುವ ತೀರ್ಮಾನ ಆದದ್ದು ಲಂಡನ್, ಲಿಸ್ಬನ್, ಮುಂಬಯಿಗಳಲ್ಲಿ. ಬಂದರಿನ ಹಮಾಲ, ಘಟ್ಟದ ಗಾಡಿಯವ, ಪತ್ತೇಮಾರಿಯ ಖಲಾಸಿ ಯಾರನ್ನೂ ಯಾರೂ ಕೇಳಲಿಲ್ಲ. ದಲಾಲಿಗಳಿಗೆ ಹುಬ್ಬಳ್ಳಿಗೋ ಮುಂಬಯಿಗೋ ಹೋಗಿ ಅಂಗಡಿ ಹಾಕುವ ಬಂಡವಾಳವಿತ್ತು. ಬೆನ್ನು ಬಿಟ್ಟರೆ ಬೇರೆ ಬಂಡವಾಳವಿಲ್ಲದವರಿಗೆ ಹೋಗಲು ದಾರಿಯೂ ಇರಲಿಲ್ಲ, ಉಳಿದರೆ ಕೆಲಸವೂ ಇರಲಿಲ್ಲ.

ಈ ಲೇಖನದ ವಾದ ಇಷ್ಟೇ: ಊರುಗಳು ಸೊರಗುವುದು ಬಹಳ ಸಲ ದಾರಿ ತಿರುಗಿದ್ದರಿಂದ, ದಾರಿ ತಿರುಗಿಸುವ ಕೈ ಊರಿನ ಹೊರಗಿರುತ್ತದೆ. ಮುಂದೆ ಅದೇ ಊರನ್ನು ‘ಎಬ್ಬಿಸಲು’ ಬರುವ ಕೈಯೂ ಹೊರಗಿನದೇ ಆದ್ದರಿಂದ, ಇಳಿಗಾಲದಲ್ಲಿ ಪೆಟ್ಟು ತಿಂದವರೇ ಏಳಿಗೆಯಲ್ಲೂ ಪೆಟ್ಟು ತಿನ್ನುತ್ತಾರೆ. ಅಮೆರಿಕದ ನಗರಗಳು ಇದಕ್ಕೆ ಎದ್ದು ಕಾಣುವ ಸಾಕ್ಷಿ. 1950ರ ಜನಗಣತಿಯಲ್ಲಿ, ಕಾರು ಕಾರ್ಖಾನೆಗಳ ಊರಾದ ಡೆಟ್ರಾಯ್ಟಿನಲ್ಲಿ ಹದಿನೆಂಟೂವರೆ ಲಕ್ಷ ಜನರಿದ್ದರು. 2020ರಲ್ಲಿ ಉಳಿದದ್ದು 6 ಲಕ್ಷದ 39 ಸಾವಿರ. ಅಮೆರಿಕನ್ನರು ಕಾರು ಕೊಳ್ಳುವುದು ಬಿಟ್ಟರೇ? ಇಲ್ಲ. ಡೆಟ್ರಾಯ್ಟ್ ಕಾರ್ಖಾನೆ ಸೊರಗತೊಡಗಿದ್ದು ಕಾರಿನ ಮಾರಾಟ ಏರುತ್ತಿದ್ದ 1950ರ ದಶಕದಲ್ಲೇ. ಪ್ಯಾಕಾರ್ಡ್ ಕಂಪನಿಯ ದೊಡ್ಡ ಕಾರ್ಖಾನೆಯಲ್ಲಿ ಕಾರು ತಯಾರಿ ನಿಂತದ್ದು 1956ರಲ್ಲಿ. ಹೊಸ ಕಾರ್ಖಾನೆಗಳು ನಗರದ ಗಡಿಯಾಚೆಯ ಅಗ್ಗದ ಜಾಗಕ್ಕೆ, ಆಮೇಲೆ ಕಾರ್ಮಿಕ ಸಂಘಗಳು ಬಲವಾಗಿಲ್ಲದ ದಕ್ಷಿಣದ ರಾಜ್ಯಗಳಿಗೆ ಹೋದವು. ಹಿಂದೆಯೇ ಬಿಳಿಯರು ಹೋದರು, ಏಕೆಂದರೆ ಅವರಿಗೆ ಉಪನಗರದಲ್ಲಿ ಮನೆ ಕೊಳ್ಳಲು ಸರ್ಕಾರದ ಖಾತರಿಯ ಸಾಲ ಸಿಗುತ್ತಿತ್ತು. ಕರಿಯರಿಗೆ ಸಿಗುತ್ತಿರಲಿಲ್ಲ. 1930ರ ದಶಕದಲ್ಲೇ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆಗೆ ನಾಲ್ಕು ಬಣ್ಣ ಹಚ್ಚಿತ್ತು; ಕರಿಯರ ಕೇರಿಗಳಿಗೆ ಕೆಂಪು, ಅಂದರೆ ಸಾಲ ಕೊಟ್ಟರೆ ಅಪಾಯ ಎಂದು ಗುರುತು. ಸಾಲ ಸಿಗದ ಕೇರಿಯ ಮನೆ ರಿಪೇರಿಯಾಗುವುದಿಲ್ಲ, ರಿಪೇರಿಯಾಗದ ಕೇರಿ ಹಾಳು ಬೀಳುತ್ತದೆ. ಆಗ ಅದೇ ಸರ್ಕಾರ ಬಂದು, ‘ಈ ಕೇರಿ ಹಾಳುಬಿದ್ದಿದೆ, ಕೆಡವಿ ಹೊಸದು ಕಟ್ಟಬೇಕು’ ಎನ್ನುತ್ತದೆ. 1949ರ ವಸತಿ ಕಾಯ್ದೆ ಕೆಡವಲು ಹಣ ಕೊಟ್ಟಿತು, 1956ರ ಹೆದ್ದಾರಿ ಕಾಯ್ದೆ ರಸ್ತೆಗೆ ಹಣ ಕೊಟ್ಟಿತು. ಡೆಟ್ರಾಯ್ಟಿನ ಬ್ಲ್ಯಾಕ್ ಬಾಟಮ್, ಪ್ಯಾರಡೈಸ್ ವ್ಯಾಲಿ ಎಂಬ ಕರಿಯರ ಕೇರಿಗಳು ಅಂಗಡಿ, ಇಗರ್ಜಿ, ಸಂಗೀತದ ಕ್ಲಬ್ಬುಗಳ ಸಮೇತ ನೆಲಸಮವಾದವು. ಉಪನಗರದವರು ಪೇಟೆಗೆ ಬೇಗ ಬಂದು ಬೇಗ ಮನೆಗೆ ಹೋಗಲೆಂದು ಅದರ ಮೇಲೆ ಹೆದ್ದಾರಿ ಹಾಸಿದರು.

ಮುಂದಿನದನ್ನು ಚುಟುಕಾಗಿ ಹೇಳಬಹುದು. ಕೆಡವಿದ ಕಡೆ ಬಡವರಿಗೆಂದು ಕಟ್ಟಿದ ಬಹುಮಹಡಿ ಮನೆಗಳು ಪಾಲನೆಗೆ ಹಣವಿಲ್ಲದೆ ಹಾಳಾದವು. ಸೇಂಟ್ ಲೂಯಿಯ ಪ್ರುಯಿಟ್-ಐಗೋ ಎಂಬ, ಹನ್ನೊಂದು ಮಹಡಿಯ 33 ಕಟ್ಟಡಗಳ ವಸತಿ 1950ರ ದಶಕದ ನಡುವೆ ಎದ್ದಿತು. 1972ರಲ್ಲಿ ಸರ್ಕಾರವೇ ಸಿಡಿಮದ್ದಿಟ್ಟು ಉರುಳಿಸತೊಡಗಿತು. ಡೆಟ್ರಾಯ್ಟ್ ನಗರಸಭೆ 2013ರಲ್ಲಿ ದಿವಾಳಿ ಎದ್ದಿತು. ಮರುವರ್ಷ, ಬಿಲ್ ಬಾಕಿ ಎಂದು ಸಾವಿರಾರು ಮನೆಗಳ ನಲ್ಲಿ ಕತ್ತರಿಸಿದಾಗ ವಿಶ್ವಸಂಸ್ಥೆಯ ತಜ್ಞರೂ ಆಕ್ಷೇಪ ಎತ್ತಿದರು. ಈಗ ಪೇಟೆ ನಡುವೆ ಮತ್ತೆ ಬೆಳಕು ಬಂದಿದೆ. 1988ರಲ್ಲಿ ಕೊನೆಯ ರೈಲು ಕಂಡು ಪಾಳುಬಿದ್ದಿದ್ದ ಮಿಷಿಗನ್ ಸೆಂಟ್ರಲ್ ನಿಲ್ದಾಣವನ್ನು ಫೋರ್ಡ್ ಕಂಪನಿ ಕೊಂಡು, ಸಿಂಗರಿಸಿ 2024ರಲ್ಲಿ ತೆರೆಯಿತು. 1957ರ ನಂತರ ಮೊದಲ ಸಲ ನಗರದ ಜನಸಂಖ್ಯೆ ತುಸು ಏರಿದೆ ಎಂಬ ಅಂದಾಜೂ ಅದೇ ವರ್ಷ ಬಂತು. ಇದು ಸಣ್ಣ ಸಾಧನೆಯಲ್ಲ. ಆದರೆ ಎದ್ದದ್ದು ಪೇಟೆಯ ನಡುವಿನ ಕೆಲವು ಚದರ ಮೈಲಿ. ಸುತ್ತಲ ಕೇರಿಗಳಲ್ಲಿ ಖಾಲಿ ಸೈಟುಗಳು ಹಾಗೇ ಇವೆ.

ಮೂವತ್ತು ನಲವತ್ತು ಸಾವಿರ ಜನರ ನಮ್ಮ ಪೇಟೆಗಳನ್ನು ಹೋಗಿ ಹೋಗಿ ಡೆಟ್ರಾಯ್ಟಿಗೆ ಹೋಲಿಸುವುದೇ ಎಂದು ಓದುಗರು ಕೇಳಬಹುದು. ಅಮೆರಿಕದಲ್ಲಿ ಇದ್ದದ್ದು ಬಣ್ಣದ ಪ್ರಶ್ನೆ, ಇಲ್ಲಿ ಅದೆಲ್ಲಿದೆ ಎಂದೂ ಕೇಳಬಹುದು. ಗಾತ್ರದ ಹೋಲಿಕೆ ಸಲ್ಲದು, ನಿಜ. ಇಲ್ಲಿ ಹೋಲಿಸುತ್ತಿರುವುದು ಗಾತ್ರವನ್ನಲ್ಲ, ಕೆಲಸ ನಡೆಯುವ ಬಗೆಯನ್ನು. ಬಣ್ಣದ ಮಾತಿಗೆ ಬಂದರೆ, ಡೆಟ್ರಾಯ್ಟಿನ ಕರಿಯರನ್ನು ಹೊರಗಿಟ್ಟದ್ದು ಬರೀ ಜನರ ದ್ವೇಷವಾಗಿದ್ದರೆ ಕಾಲ ಕಳೆದಂತೆ ಅದು ಮಾಗುತ್ತಿತ್ತೇನೋ. ಅದು ಕಾಗದದ ಮೇಲೆ ಕೂತಿತ್ತು: ನಕ್ಷೆಯ ಬಣ್ಣ, ಬ್ಯಾಂಕಿನ ನಿಯಮ, ನಗರಸಭೆಯ ಗಡಿ. ನಮ್ಮ ಕರಾವಳಿಯಲ್ಲಿ ಕೆಂಪು ಬಣ್ಣ ಹಚ್ಚಬೇಕಾಗಿಯೇ ಬರಲಿಲ್ಲ, ಏಕೆಂದರೆ ಹೊರಗಿರಬೇಕಾದವರ ಹೆಸರು ಕಾಗದದಲ್ಲೇ ಇರಲಿಲ್ಲ. ಖಾರ್ವಿ, ಹರಿಕಂತ್ರ, ಅಂಬಿಗ, ಮೊಗೇರ, ದಾಲ್ದಿ ಹೀಗೆ ಕಡಲನ್ನೇ ನಂಬಿದ ಸಮುದಾಯಗಳು ತಲೆಮಾರುಗಳಿಂದ ಕೂತ ಮರಳಿನ ಜಾಗಕ್ಕೆ ಪಹಣಿ ಇಲ್ಲ. ಪಹಣಿ ಇಲ್ಲದ ಜಾಗಕ್ಕೆ ಬ್ಯಾಂಕಿನ ಸಾಲವಿಲ್ಲ. ಸಾಲವಿಲ್ಲದವನ ದೋಣಿ ಮೇಸ್ತ್ರಿಯ ಅಥವಾ ಮೀನು ವ್ಯಾಪಾರಿಯ ಮುಂಗಡದಲ್ಲೇ ನೀರಿಗಿಳಿಯಬೇಕು. 1970ರ ದಶಕದ ಕೊನೆಯಲ್ಲಿ ಪರ್ಸೀನ್ ಬೋಟುಗಳು ಬಂದು ರಂಪಣಿ ಬಲೆಯನ್ನು ದಡಕ್ಕೆ ಒಗೆದಾಗ ಆದದ್ದೂ ಇದೇ. ರಂಪಣಿ ಎಳೆಯಲು ಇಡೀ ಕೇರಿಯ ಕೈ ಬೇಕಿತ್ತು, ಪಾಲು ಕೇರಿಗೆಲ್ಲ ಹಂಚಿಹೋಗುತ್ತಿತ್ತು. ಬೋಟು ಕೊಳ್ಳಲು ಸಾಲ ಸಿಕ್ಕವನು ಮಾಲೀಕನಾದ, ಉಳಿದವರು ಅವನ ಬೋಟಿನ ಆಳುಗಳಾದರು. ಸಮುದ್ರದ ಮೀನು ಅಷ್ಟೇ ಇತ್ತು.

ಇನ್ನು ಭಟ್ಕಳ. ಮೇಲಿನ ವಾದಕ್ಕೆ ಎದುರಾಗಿ ನಿಲ್ಲಿಸಬಹುದಾದ ಬಲವಾದ ಉದಾಹರಣೆ ಇದೇ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಜಯನಗರದ ಕಾಲದಲ್ಲಿ ಕುದುರೆ ಇಳಿಯುತ್ತಿದ್ದ, ಮೆಣಸು ಅಕ್ಕಿ ಹೊರಡುತ್ತಿದ್ದ ಬಂದರು ಅದು. 1502ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಬಂದು ಕಪ್ಪ ಕೇಳುವಷ್ಟು ಸಿರಿ ಅದಕ್ಕಿತ್ತು. ಆ ಸಿರಿ ಹೋಗಿ ಊರು ಶತಮಾನಗಳ ಕಾಲ ಮಂಕಾಗಿ ಕೂತಿತ್ತು. ಅದನ್ನು ಎಬ್ಬಿಸಿದ್ದು ಯಾವ ಸರ್ಕಾರಿ ಯೋಜನೆಯೂ ಅಲ್ಲ. ಮೊದಲು ಮದ್ರಾಸ್, ಕಲಕತ್ತೆ, ಕೊಲಂಬೊಗಳಿಗೆ ಬಟ್ಟೆ ವ್ಯಾಪಾರಕ್ಕೆ ಹೋದ, 1970ರ ದಶಕದ ಎಣ್ಣೆ ಬೆಲೆಯೇರಿಕೆಯ ನಂತರ ದುಬೈ, ಜಿದ್ದಾ, ಕುವೈತ್‌ಗಳಿಗೆ ಹೋದ ಊರಿನ ನವಾಯತ ಮುಸ್ಲಿಮರ ದುಡಿಮೆ ಅದು. 1919ರಲ್ಲಿ ಹುಟ್ಟಿದ ಅವರ ಶಿಕ್ಷಣ ಸಂಸ್ಥೆ ಅಂಜುಮನ್ ಹಾಮಿ-ಎ-ಮುಸ್ಲಿಮೀನ್ ಇಂಜಿನಿಯರಿಂಗ್ ಕಾಲೇಜಿನವರೆಗೂ ಬೆಳೆಯಿತು. ಗಲ್ಫಿನ ದುಡ್ಡು ಪೇಟೆಯ ಚಿನ್ನದಂಗಡಿಗೆ ಬಂತು, ಬಟ್ಟೆಯಂಗಡಿಗೆ ಬಂತು, ಸುತ್ತಲ ಹಳ್ಳಿಗಳ ಮಲ್ಲಿಗೆ ಬೆಳೆಗಾರರ ಅಂಗಳಕ್ಕೂ ಬಂತು. ಭಟ್ಕಳ ಮಲ್ಲಿಗೆ ವಿಮಾನ ಹತ್ತಿತು. ಹೊರಗಿನ ಕೈ ಬೇಕಿಲ್ಲ, ಜನ ತಾವೇ ಊರು ಕಟ್ಟಿಕೊಳ್ಳಬಲ್ಲರು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ಮನೆ, ಮಸೀದಿ, ಶಾಲೆ, ಅಂಗಡಿ ಖಾಸಗಿ ದುಡ್ಡಿನಲ್ಲಿ ಏಳುತ್ತವೆ. ಚರಂಡಿ ಏಳುವುದಿಲ್ಲ. ಬಂಗಲೆಗಳು ಹಳೆಯ ಸುಲ್ತಾನ್ ಸ್ಟ್ರೀಟಿನ ಇಕ್ಕಟ್ಟು ಬಿಟ್ಟು ಹೊರಗಿನ ಜಾಲಿ, ಹೆಬಳೆ ಕಡೆ ಎದ್ದವು. ಅವು ಪುರಸಭೆಯ ಗಡಿಯಾಚೆ. ಜಾಲಿಗೆ ಪಟ್ಟಣ ಪಂಚಾಯಿತಿ ಬೇರೆ, ಹೆಬಳೆಗೆ ಗ್ರಾಮ ಪಂಚಾಯಿತಿ ಬೇರೆ. ಕಣ್ಣಿಗೆ ಒಂದೇ ಊರು, ತೆರಿಗೆಗೆ ಮೂರು ಊರು. ಹಳೆಯ ಪೇಟೆಯ ಒಳಚರಂಡಿ ನೀರು ಶರಾಬಿ ಹೊಳೆಗೆ ಸೇರುತ್ತದೆ, ಗೌಸಿಯಾ ಸ್ಟ್ರೀಟ್ ಆಸುಪಾಸಿನ ಬಾವಿಗಳು ಕೆಡುತ್ತವೆ ಎಂಬ ದೂರಿಗೆ ವರ್ಷಗಳೇ ಆದವು. ಅದನ್ನು ಸರಿಪಡಿಸುವ ಹಣ ಮತ್ತು ಹೊಣೆ ಮೂರು ಕಚೇರಿಗಳ ನಡುವೆ ಹಂಚಿಹೋಗಿದೆ. ಡೆಟ್ರಾಯ್ಟಿನಲ್ಲಿ ಇದೇ ಗಡಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಕರಿಯ ಮಕ್ಕಳೂ ಬಿಳಿಯ ಮಕ್ಕಳೂ ಒಂದೇ ಶಾಲೆಯಲ್ಲಿ ಓದಲು ಉಪನಗರದ ಶಾಲೆಗಳನ್ನೂ ಸೇರಿಸಿಕೊಳ್ಳಿ ಎಂಬ ಕೋರಿಕೆಯನ್ನು 1974ರಲ್ಲಿ ನ್ಯಾಯಾಲಯ ತಳ್ಳಿಹಾಕಿತು. ಅಲ್ಲಿಗೆ ಉಪನಗರದ ಸಿರಿ ಗಡಿಯಾಚೆ ಭದ್ರವಾಯಿತು. ಅಲ್ಲಿ ಗಡಿ ಹೊರಗಿಡಲು ಬಳಕೆಯಾಯಿತು, ಭಟ್ಕಳದಲ್ಲಿ ಉಳಿದದ್ದು ಆಡಳಿತದ ಉದಾಸೀನದಿಂದ. ಬಾವಿಯ ನೀರಿಗೆ ಆ ವ್ಯತ್ಯಾಸ ತಿಳಿಯುವುದಿಲ್ಲ.

ಭಟ್ಕಳದ ವಿಷಯದಲ್ಲಿ ಇನ್ನೂ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. 1993ರ ಗಲಭೆ ತಿಂಗಳುಗಟ್ಟಲೆ ಊರನ್ನು ಸುಟ್ಟಿತು. ನ್ಯಾಯಮೂರ್ತಿ ಜಗನ್ನಾಥ ಶೆಟ್ಟಿ ಆಯೋಗ ಕೂತಿತು. 1996ರಲ್ಲಿ ಶಾಸಕ ಡಾ. ಚಿತ್ತರಂಜನ್ ಅವರ ಕೊಲೆಯಾಯಿತು. ಆಮೇಲೆ ದೇಶದ ಸುದ್ದಿಮನೆಗಳಲ್ಲಿ ಭಟ್ಕಳ ಎಂದರೆ ಒಂದೇ ಬಗೆಯ ಸುದ್ದಿ ಎಂದಾಯಿತು. ಊರಿನ ಹೆಸರು ಕೇಳಿದೊಡನೆ ಹೊರಗೆ ಬಾಡಿಗೆ ಮನೆ ಕೊಡಲು ಹಿಂದೆಮುಂದೆ ನೋಡುತ್ತಾರೆ ಎಂಬ ಗೋಳು ಅಲ್ಲಿನ ಹಿಂದೂ ಮುಸ್ಲಿಂ ಎರಡೂ ಕಡೆಯ ಹುಡುಗರದ್ದು. ನಕ್ಷೆಯ ಮೇಲೆ ಸರ್ಕಾರ ಹಚ್ಚುತ್ತಿದ್ದ ಕೆಂಪನ್ನು ಇಲ್ಲಿ ಪತ್ರಿಕೆ, ಟಿವಿ ಹಚ್ಚಿದವು. ಕಾರ್ಖಾನೆಯೋ ಕಂಪನಿಯೋ ಬರುವುದಿದ್ದರೂ ಬೇರೆ ಊರು ನೋಡುತ್ತದೆ. ಕೊನೆಗೆ ಉಳಿಯುವುದು ಅದೇ ಗಲ್ಫಿನ ಬಾಗಿಲು. ಸೌದಿಯಲ್ಲಿ ಸ್ಥಳೀಯರಿಗೆ ಕೆಲಸ ಮೀಸಲಿಡುವ ನಿಯಮ ಬಿಗಿಯಾದಾಗ, ಕೊರೊನಾ ಬಂದಾಗ ಆ ಬಾಗಿಲು ಹೇಗೆ ಮುಚ್ಚಿಕೊಳ್ಳುತ್ತದೆಂದು ಊರು ನೋಡಿದೆ. ಭಟ್ಕಳದ ದುಡಿಮೆಯ ದಾರಿಯೂ ರಿಯಾದಿನಲ್ಲಿ ತಿರುಗಬಲ್ಲದು ಎಂದಾಯಿತು. ಆ ಬಾಗಿಲಿನವರೆಗೆ ಹೋಗಲು ನೆಂಟರ ವೀಸಾ ಬೇಕು. ನೆಂಟರಿಲ್ಲದವರು ಗಾರೆ ಕೆಲಸಕ್ಕೆ ನಿಲ್ಲುತ್ತಾರೆ, ಘಟ್ಟದ ಮೇಲಿನಿಂದ ಬಂದ ಕೂಲಿಗಳ ಜೊತೆ.

ಸಾರ್ವಜನಿಕವಾಗಿ ಆಗಬೇಕಾದದ್ದು ಆಗದಿದ್ದರೆ ಖಾಸಗಿ ಸಿರಿ ಎಲ್ಲಿ ಸೋಲುತ್ತದೆ ಎಂಬುದು ಆಸ್ಪತ್ರೆಯ ವಿಷಯದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣದು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದುಕೊಂಡು ಉಡುಪಿ ಕಡೆ ಹೊರಟ ಆಂಬುಲೆನ್ಸ್, ಬೆಳಕೆ ದಾಟಿ ಬೈಂದೂರು ಬದಿಯ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು, ಇಲ್ಲದಿದ್ದರೆ ಓಟು ಇಲ್ಲ ಎಂಬ ಕೂಗು ಅಂಕೋಲಾದಿಂದ ಭಟ್ಕಳದವರೆಗೆ ಎದ್ದದ್ದು ಆಗ. ಕಾರವಾರದಲ್ಲಿ ವೈದ್ಯಕೀಯ ಕಾಲೇಜಿದೆ. ತಲೆಗೆ ಪೆಟ್ಟಾದವನಿಗೆ, ಹೃದಯ ಹಿಡಿದವನಿಗೆ ಮಾತ್ರ ಮಣಿಪಾಲ, ಮಂಗಳೂರು, ಗೋವಾ, ಹುಬ್ಬಳ್ಳಿಯೇ ಗತಿ. 1862ರಲ್ಲಿ ಹತ್ತಿಗಾಗಿ ಎಳೆದ ಗೆರೆ 1956ರಲ್ಲಿ ನಕ್ಷೆಯಿಂದ ಅಳಿಯಿತು. ಗೆರೆಯ ತೆಂಕಣಕ್ಕೆ ಬ್ಯಾಂಕು, ಆಸ್ಪತ್ರೆ, ಕಾಲೇಜು ಬೆಳೆದವು, ಬಡಗಣಕ್ಕೆ ಬೆಳೆಯಲಿಲ್ಲ. ದಕ್ಷಿಣದವರ ಸಾಹಸವನ್ನು ಮೆಚ್ಚೋಣ. ಆದರೆ ತೊಂಬತ್ತನಾಲ್ಕು ವರ್ಷ ಒಂದು ಪ್ರಾಂತ್ಯದ ತುದಿಯಾಗಿ, ರೈಲಿಲ್ಲದೆ, ಹಿನ್ನಾಡಿನ ವ್ಯಾಪಾರ ಕಳೆದುಕೊಂಡು ಬಿದ್ದಿದ್ದ ಜಿಲ್ಲೆಯನ್ನು ‘ಅವರಿಗೆ ಉಮೇದಿಲ್ಲ’ ಎಂದು ಬೈಯುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ಕೊಂಕಣ ರೈಲು ಪೂರ್ತಿಯಾಗಿ ಓಡಿದ್ದು 1998ರಲ್ಲಿ. ಅದು ಮೊದಲು ಮಾಡಿದ ಕೆಲಸ ಹುಡುಗರನ್ನು ಗೋವಾಕ್ಕೂ ಮುಂಬಯಿಗೂ ಬೇಗ ತಲುಪಿಸಿದ್ದು.

ಹಾಗಾದರೆ ಏಳಿಗೆಯ ಯೋಜನೆ ಬಂದಾಗ ಏನಾಗುತ್ತದೆ? ಹೊನ್ನಾವರಕ್ಕೆ ಹೋಗಬೇಕು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿ ಹೆಣ್ಣುಮಕ್ಕಳ 13 ಶಾಲೆಗಳನ್ನೂ ಗಂಡುಮಕ್ಕಳ 23 ಶಾಲೆಗಳನ್ನೂ ಕಂಡೆನೆಂದು ಬರೆದ. ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದಲ್ಲಿ ಮೆಣಸು ಈ ಅಳಿವೆಯಿಂದಲೇ ಹೊರಟಿತು. ಈಗ ಆ ಅಳಿವೆಯಲ್ಲಿ ಹೂಳು ತುಂಬಿ, ಮೀನುಗಾರರ ಬೋಟುಗಳು ಮಗುಚಿ ಜೀವಹಾನಿಯಾದ ಉದಾಹರಣೆಗಳಿವೆ. ಹೂಳೆತ್ತಿ, ತಡೆಗೋಡೆ ಕಟ್ಟಿ ಎಂದು ಮೀನುಗಾರರು ಬಹುಕಾಲದಿಂದ ಕೇಳುತ್ತಿದ್ದಾರೆ. ಅಂದರೆ ಅಭಿವೃದ್ಧಿ ಬೇಡ ಎಂದವರಲ್ಲ ಅವರು. ಬಂದದ್ದು ಬೇರೆಯೇ. ಹೊನ್ನಾವರದ ಕಾಸರಕೋಡಿನ ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರಿಗೆ 2010ರಲ್ಲಿ ಸರ್ಕಾರ ಗುತ್ತಿಗೆ ಕೊಟ್ಟಿತು. ಕಡಲಾಮೆ ಮೊಟ್ಟೆಯಿಡುವ, ಹೆಂಗಸರು ಮೀನು ಒಣಗಿಸುವ ಮರಳಿನ ಮೇಲೆ ಬಂದರಿನ ರಸ್ತೆಯ ಗುರುತು ಬಿತ್ತು. 2021ರಿಂದೀಚೆಗೆ ಪೊಲೀಸ್ ಬಂದೋಬಸ್ತಿನಲ್ಲಿ ಕೆಲಸ, ಎದುರು ನಿಂತವರ ಬಂಧನ, ನಿಷೇಧಾಜ್ಞೆ ಇವು ಮತ್ತೆ ಮತ್ತೆ ಮರುಕಳಿಸಿವೆ. ಅದೇ ಕಾಸರಕೋಡಿನ ಇನ್ನೊಂದು ತುದಿಯ ಇಕೋ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು: ಶುದ್ಧ ನೀರು, ಶುದ್ಧ ಮರಳು, ಪ್ರವಾಸಿಗಳಿಗೆ ಸ್ನಾನದ ಮನೆ. ಒಂದೇ ದಂಡೆಯ ಒಂದು ಕಡೆ ಮರಳು ಪ್ರವಾಸಿಗಾಗಿ ಶುದ್ಧವಾಗಿರಬೇಕು, ಇನ್ನೊಂದು ಕಡೆ ಬಂದರಿನ ಲಾರಿಗಾಗಿ ಗಟ್ಟಿಯಾಗಬೇಕು. ಬಂಗಡೆ ತಾರ್ಲಿ ಒಣಗಿಸುವವರಿಗೆ ಬೇಕಾದ ಮರಳು ಯಾವ ಯೋಜನೆಯಲ್ಲೂ ಇಲ್ಲ.

ಇಲ್ಲಿ ಎದ್ದೇಳುವ ಆಕ್ಷೇಪ ಗಟ್ಟಿಯಾದದ್ದು, ಅದನ್ನು ಹಗುರವಾಗಿ ತಳ್ಳಬಾರದು. ಬಂದರು ಬೇಡ, ಹೆದ್ದಾರಿ ಬೇಡ, ತದಡಿಯ ವಿದ್ಯುತ್ ಸ್ಥಾವರ ಬೇಡ, ಎಲ್ಲ ಬೇಡ ಎಂದರೆ ಈ ಜಿಲ್ಲೆಯ ಹುಡುಗರು ಎಲ್ಲಿ ದುಡಿಯಬೇಕು? ಬೆಂಗಳೂರಿನಲ್ಲಿ ಹೋಟೆಲ್ ಮಾಣಿಯಾಗುವುದೇ ಅವರ ಹಣೆಬರಹವೇ? ಪರಿಸರದ ಹೆಸರಿನಲ್ಲಿ ಬಡವರನ್ನು ಬಡವರಾಗಿಯೇ ಇಡುತ್ತಿಲ್ಲವೇ? ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕಾದರೆ ಹೆದ್ದಾರಿ ಬೇಕಿತ್ತು ಎಂದು ಮೊದಲು ಒಪ್ಪಬೇಕು. ಆಂಬುಲೆನ್ಸ್ ಓಡುವುದೂ ಆ ರಸ್ತೆಯಲ್ಲೇ. ಆದರೆ ‘ಬೇಕು–ಬೇಡ’ ಎಂದು ಎರಡೇ ಆಯ್ಕೆ ಇಟ್ಟುಕೊಂಡು ನಡೆಸುವ ಚರ್ಚೆಯಲ್ಲಿ ‘ಯಾವ ಲೆಕ್ಕದ ಮೇಲೆ’ ಎಂಬ ಪ್ರಶ್ನೆ ಕಳೆದುಹೋಗುತ್ತದೆ. ಹೆದ್ದಾರಿ 66ರ ಅಗಲೀಕರಣಕ್ಕೆ ಗುಡ್ಡ ಕಡಿದ ಬಗೆಯ ಲೆಕ್ಕ 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ (ಇದು ಇನ್ನೊಂದು ಶಿರೂರು) ಗುಡ್ಡ ಕುಸಿದಾಗ ಬಯಲಾಯಿತು: ಹೆದ್ದಾರಿ ಬದಿಯ ಚಹಾ ಅಂಗಡಿಯ ಕುಟುಂಬವೇ ಮಣ್ಣಡಿಗೆ ಹೋಯಿತು, ನಿಂತಿದ್ದ ಲಾರಿಗಳು ಗಂಗಾವಳಿ ಸೇರಿದವು. 2022ರ ಆಗಸ್ಟ್ 2ರ ಮಳೆಗೆ ಭಟ್ಕಳ ಪೇಟೆಯೊಳಗೆ ನೀರು ನುಗ್ಗಿತು, ಮುಟ್ಟಳ್ಳಿಯಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ನಾಲ್ವರು ಹೋದರು. ಮಳೆ ಎಲ್ಲರ ಮೇಲೂ ಒಂದೇ ಸಮ ಸುರಿದಿತ್ತು. ಗುಡ್ಡದ ಬುಡದಲ್ಲಿ ಮನೆ ಕಟ್ಟಿಕೊಂಡವರು ಅಲ್ಲಿ ಕಟ್ಟಿಕೊಂಡದ್ದು ಬೇರೆ ಜಾಗಕ್ಕೆ ದುಡ್ಡಿಲ್ಲದೆ. ಹುಡುಗರ ಕೆಲಸದ ಮಾತಿಗೂ ಲೆಕ್ಕ ಬೇಕು. ಯಂತ್ರಗಳೇ ಸರಕು ಎತ್ತುವ ಇಂದಿನ ಬಂದರು ಎಷ್ಟು ಸ್ಥಳೀಯರಿಗೆ, ಯಾವ ಕೆಲಸ ಕೊಡುತ್ತದೆ? ಅದರಿಂದ ಕೆಲಸ ಕಳೆದುಕೊಳ್ಳುವ ಹೆಂಗಸರೆಷ್ಟು? ಮೊದಲ ಸಂಖ್ಯೆಯನ್ನು ಯೋಜನಾ ವರದಿ ದಪ್ಪಕ್ಷರದಲ್ಲಿ ಬರೆಯುತ್ತದೆ. ಒಣಮೀನು ಮಾಡುವವಳು ಯಾರ ಪೇ ರೋಲಿನಲ್ಲೂ ಇಲ್ಲದ್ದರಿಂದ ಎರಡನೆಯದಕ್ಕೆ ಕಾಲಮ್ಮೇ ಇರುವುದಿಲ್ಲ.

ಕಾಲಮ್ಮಿನ ಮಾತು ಬಂದದ್ದರಿಂದ ಕಾನೂನಿನ ಕಡೆ ತಿರುಗಬಹುದು. ಅಮೆರಿಕದ ಹೆದ್ದಾರಿ ಕಾಯ್ದೆ ಬಂದ 1956ರಲ್ಲೇ ನಮ್ಮ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯೂ ಬಂತು. ಕಾಕತಾಳೀಯವಾದರೂ ಎರಡರ ಬುದ್ಧಿ ಒಂದೇ: ಜಾಗ ಯಾರ ಹೆಸರಿನಲ್ಲಿದೆಯೋ ಅವರಿಗೆ ಹಣ, ಆ ಜಾಗದಲ್ಲಿ ಬದುಕಿದವರಿಗೆ ನಮಸ್ಕಾರ. ಬ್ಲ್ಯಾಕ್ ಬಾಟಮ್ಮಿನಲ್ಲಿ ಬಹುಪಾಲು ಜನ ಬಾಡಿಗೆದಾರರು. ಕೆಡವಿದಾಗ ಅವರಿಗೆ ಹೆಚ್ಚೇನೂ ಸಿಗಲಿಲ್ಲ. ಕಾರವಾರದಲ್ಲಿ 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಬಿದ್ದಾಗ ಒಕ್ಕಲೆದ್ದ ಹಳ್ಳಿಗಳ ಪರಿಹಾರದ ವ್ಯಾಜ್ಯ ದಶಕಗಳ ಕಾಲ ಕೋರ್ಟು ಅಲೆಯಿತು. ಅಲ್ಲಾದರೂ ಕೈಯಲ್ಲಿ ಪಹಣಿ ಇದ್ದವರಿದ್ದರು. 2013ರ ಭೂಸ್ವಾಧೀನ ಕಾಯ್ದೆ ಈ ಬುದ್ಧಿಯನ್ನು ತಿದ್ದಿತು. ಜಾಗದ ಒಡೆಯನಲ್ಲದಿದ್ದರೂ, ಮೂರು ವರ್ಷದಿಂದ ಕಾಡು ಅಥವಾ ನೀರನ್ನು ನಂಬಿ ಬದುಕುತ್ತಿರುವ ಮೀನುಗಾರ, ದೋಣಿ ನಡೆಸುವವನ ಕುಟುಂಬವೂ ‘ಬಾಧಿತ ಕುಟುಂಬ’ ಎಂದು ಅದರಲ್ಲಿ ಬರೆದಿದೆ. ಒಳ್ಳೆಯ ಮಾತು. ಆದರೆ ಅದು ಜೀವ ಪಡೆಯುವುದು ಸರ್ಕಾರ ಜಾಗವನ್ನು ‘ಸ್ವಾಧೀನ’ ಮಾಡಿಕೊಂಡಾಗ. ಕಡಲದಂಡೆ ಮೊದಲೇ ಸರ್ಕಾರದ್ದು. ತನ್ನದೇ ಜಾಗವನ್ನು ಸರ್ಕಾರ ಬಂದರು ಕಂಪನಿಗೆ ಗುತ್ತಿಗೆ ಕೊಟ್ಟರೆ ಸ್ವಾಧೀನವೇ ನಡೆಯಲಿಲ್ಲ ಎಂದಾಗುತ್ತದೆ, ಬಾಧಿತರೂ ಇಲ್ಲ ಎಂದಾಗುತ್ತದೆ. ಟೊಂಕದಲ್ಲಿ ಗಂಟು ಇರುವುದು ಇಲ್ಲೇ. ಅಲ್ಲಿಯ ಜಗಳವನ್ನು ಮೀನುಗಾರರ ಹಠ ಎಂದೋ ಪರಿಸರವಾದಿಗಳ ಕಿತಾಪತಿ ಎಂದೋ ಬಣ್ಣಿಸುವವರು ಈ ಗಂಟನ್ನು ನೋಡಿಲ್ಲ.

ಬೇರೆ ದಾರಿ ಇಲ್ಲವೆಂದೇನೂ ಅಲ್ಲ. ಅಘನಾಶಿನಿ ಅಳಿವೆ ಅದಕ್ಕೆ ಹತ್ತಿರದ ನಿದರ್ಶನ. ತದಡಿಗೆ 4,000 ಮೆಗಾವಾಟಿನ ಕಲ್ಲಿದ್ದಲು ಸ್ಥಾವರ ಬರುತ್ತದೆ ಎಂದರು, ಬಂದರು ಬರುತ್ತದೆ ಎಂದರು, ಎರಡೂ ಬರಲಿಲ್ಲ. ಆ ಹೊಳೆಯಲ್ಲಿ ಬಳಚು ಹೆಕ್ಕುವವರು, ಮಾಣಿಕಟ್ಟಾದ ಗಜನಿಯಲ್ಲಿ ಉಪ್ಪುನೀರಿಗೆ ಬಗ್ಗದ ಕಗ್ಗ ಭತ್ತ ಬೆಳೆಯುವವರು, ಸಾಣಿಕಟ್ಟಾದ ಉಪ್ಪಿನಾಗರದವರು ಯಾವ ಯೋಜನೆಯೂ ಇಲ್ಲದೆ ಸಾವಿರಾರು ಮಂದಿ ಬದುಕು ಕಟ್ಟಿಕೊಂಡಿದ್ದಾರೆ. 2024ರಲ್ಲಿ ಅಳಿವೆಗೆ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳಿಗೆ ಸಿಗುವ ರಾಮ್‌ಸಾರ್ ಮಾನ್ಯತೆಯೂ ಬಂತು. ಆದರೆ ಇದನ್ನು ಹಾಡಿ ಹೊಗಳುವಾಗ ಎಚ್ಚರ ಬೇಕು. ಬಳಚು ಹೆಕ್ಕುವ ಕೆಲಸ ಸೊಂಟ ಮುರಿಯುವಂಥದ್ದು, ಆ ಮನೆಯ ಮಗಳು ನರ್ಸ್ ಆಗಬೇಕೆಂದು ಬಯಸಿದರೆ ಅವಳಿಗೆ ಕಾಲೇಜು, ಬಸ್ಸು, ಹಾಸ್ಟೆಲ್ ಬೇಕು. ರಾಮ್‌ಸಾರ್ ಫಲಕ ಅದನ್ನು ಕೊಡುವುದಿಲ್ಲ. ಬ್ಲೂ ಫ್ಲ್ಯಾಗಿನ ಹಾಗೆ ಅದೂ ಹೊರಗಿನವರು ನೆಟ್ಟ ಫಲಕವಾಗಿ ಉಳಿದರೆ, ನಾಳೆ ಹೊಳೆಬದಿಯ ರೆಸಾರ್ಟಿನ ಜಾಹೀರಾತಿಗೆ ಬಳಕೆಯಾಗುತ್ತದೆ, ಅಷ್ಟೆ.

ಡೆಟ್ರಾಯ್ಟಿನಲ್ಲಿ ಬ್ಲ್ಯಾಕ್ ಬಾಟಮ್ಮಿನ ಮೇಲೆ ಹಾಸಿದ ಆ ಹೆದ್ದಾರಿಯನ್ನು ಅಗೆದು ಸಾಧಾರಣ ರಸ್ತೆ ಮಾಡುವ ಯೋಜನೆಯೊಂದು ಕೆಲವು ವರ್ಷಗಳಿಂದ ಚರ್ಚೆಯಲ್ಲಿದೆ. ಅಗೆದರೆ ಪೇಟೆಯ ನಡುವೆ ಎಕರೆಗಟ್ಟಲೆ ಬೆಲೆಬಾಳುವ ಜಾಗ ಹೊರಬರುತ್ತದೆ. ಅದು ಯಾರಿಗೆ ಎಂಬಲ್ಲಿಗೆ ಬಂದು ಮಾತು ನಿಂತಿದೆ. ಅಲ್ಲಿಂದ ಎದ್ದವರ ಮಕ್ಕಳು ಮೊಮ್ಮಕ್ಕಳು ನಮಗೂ ಪಾಲು ಕೊಡಿ ಎನ್ನುತ್ತಿದ್ದಾರೆ. ಅವರ ಅಜ್ಜಂದಿರು ಆ ಕೇರಿಯಲ್ಲಿದ್ದರು ಎಂಬುದಕ್ಕೆ ಜನಗಣತಿಯ ಹಾಳೆ, ಬೀದಿವಾರು ಡೈರೆಕ್ಟರಿ, ಇಗರ್ಜಿಯ ರಿಜಿಸ್ಟರು ಇವೆ. ಇರುವುದರಿಂದ ಎಪ್ಪತ್ತು ವರ್ಷದ ಮೇಲೆಯೂ ಕೇಳಲು ಸಾಧ್ಯವಾಗಿದೆ. ಟೊಂಕದ ದಂಡೆಯಲ್ಲಿ, ಈಗ ಹೊಸ ಬಂದರಿನ ಮಾತು ಜೋರಾಗಿರುವ ಅಂಕೋಲೆಯ ಕೇಣಿಯಲ್ಲಿ, ಯಾರು ಎಲ್ಲಿ ಮೀನು ಒಣಗಿಸುತ್ತಾರೆ, ಯಾರ ದೋಣಿ ಎಲ್ಲಿ ನಿಲ್ಲುತ್ತದೆ, ಎಷ್ಟು ವರ್ಷದಿಂದ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳಲು ಭೂಸ್ವಾಧೀನದ ಅಧಿಸೂಚನೆಗೆ ಕಾಯಬೇಕಿಲ್ಲ. ಮೀನುಗಾರಿಕೆ ಇಲಾಖೆ, ಗ್ರಾಮ ಪಂಚಾಯಿತಿ, ಮೀನುಗಾರರ ಸಹಕಾರಿ ಸಂಘ ಮೂರೂ ಕೂತರೆ ಒಂದು ಮಳೆಗಾಲದೊಳಗೆ ಮುಗಿಯುವ ಕೆಲಸ ಅದು. ಜೂನ್, ಜುಲೈಯಲ್ಲಿ ಬೋಟುಗಳು ದಡದಲ್ಲೇ ಇರುತ್ತವೆ, ಜನ ಮನೆಯಲ್ಲೇ ಸಿಗುತ್ತಾರೆ.